ಮೌಸರ್ ಎದುರು ಮೈಸೂರು ಕುದುರೆ

ಧರ್ಮಸ್ಥಳ, ಉಜಿರೆ, ಬೆಳ್ತಂಗಡಿ ಸುತ್ತಲಿನ ಹಳೆಯ ಮನೆಗಳ ಮಾಡಿನಿಂದ ಒಂದು ಹೆಂಚು ಇಳಿಸಿ ಅದರ ಅಡಿಭಾಗ ನೋಡಿದರೆ ಬಾಸೆಲ್ ಮಿಶನ್ ಹೆಸರು ಕಾಣಸಿಗುವುದು ಅಪರೂಪವೇನಲ್ಲ. ಕರಾವಳಿಯ ಜನರಿಗೆ ಜರ್ಮನಿ ಎಂದರೆ ಮೊದಲು ನೆನಪಾಗುವುದು ಹೆಂಚು, ಅಚ್ಚುಕೂಟ, ಶಾಲೆ, ನಿಘಂಟು. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಬಾಸೆಲ್ ಮಿಶನ್‌ನ ಕೇಂದ್ರ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿತ್ತಾದರೂ ಅದರ ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನಿಯ ನೈರುತ್ಯ ಮೂಲೆಯ ವ್ಯುರ್ಟೆಂಬರ್ಗ್ ಎಂಬ ಪುಟ್ಟ ರಾಜ್ಯದವರು. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹೆರ್ಮನ್ ಮೋಗ್ಲಿಂಗ್ ಅದೇ ವ್ಯುರ್ಟೆಂಬರ್ಗಿನವರು.

ಅದೇ ವ್ಯುರ್ಟೆಂಬರ್ಗಿನ ನೆಕರ್ ನದಿಯ ದಡದಲ್ಲಿ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿದೆ. ಅಲ್ಲಿನ ಸನ್ಯಾಸಿಗಳ ಮಠವೊಂದನ್ನು ಸರಕಾರ ವಶಪಡಿಸಿಕೊಂಡು 1811ರಲ್ಲಿ ಅದರೊಳಗೆ ರಾಜ್ಯದ ಕೋವಿ ಕಾರ್ಖಾನೆಯನ್ನು ಆರಂಭಿಸಿತು. ಪ್ರಾರ್ಥನೆಯ ಗೋಡೆಗಳ ನಡುವೆ ಕುಲುಮೆ ಹೊತ್ತಿತು. ಆ ಕಾರ್ಖಾನೆಯ ಕಮ್ಮಾರನೊಬ್ಬನ ಹದಿಮೂರು ಮಕ್ಕಳಲ್ಲಿ ಕೊನೆಯವನಾಗಿ 1838ರಲ್ಲಿ ಹುಟ್ಟಿದವನು ಪೌಲ್ ಮೌಸರ್. ಒಂದೇ ನಾಡಿನಿಂದ, ಹೆಚ್ಚುಕಡಿಮೆ ಒಂದೇ ಶತಮಾನದಲ್ಲಿ, ಒಂದು ಕಡೆ ಮೋಗ್ಲಿಂಗರ ಅಚ್ಚುಮೊಳೆ ಹೊರಟಿತು, ಇನ್ನೊಂದು ಕಡೆ ಮೌಸರನ ಕೋವಿ. ಮೊದಲನೆಯದು ನಮ್ಮ ಕರಾವಳಿಗೆ ತಲುಪಿದ ಕತೆ ಎಲ್ಲರಿಗೂ ಗೊತ್ತು. ಎರಡನೆಯದು ಕನ್ನಡಿಗರನ್ನು ಎದುರಾದ ಕತೆಯನ್ನು ನಾವು ಅಷ್ಟಾಗಿ ಹೇಳಿಲ್ಲ. ಹೇಳಿದಾಗಲೂ ಅರ್ಧವನ್ನೇ ಹೇಳಿದ್ದೇವೆ.

ಧರ್ಮಸ್ಥಳದ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿದರೆ ಮೂಡಿಗೆರೆ. 1914ರಲ್ಲಿ ಘಾಟಿಯ ಕೆಳಗಿನದು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ, ಮೇಲಿನದು ಮೈಸೂರು ಸಂಸ್ಥಾನ. ಆ ವರ್ಷ ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಾಗ ಘಾಟಿಯ ಕೆಳಗೆ ಆದದ್ದು ಒಂದು, ಮೇಲೆ ಆದದ್ದು ಇನ್ನೊಂದು. ಕೆಳಗೆ, ಮಿಶನ್‌ನ ಜರ್ಮನರು ರಾತ್ರಿ ಬೆಳಗಾಗುವುದರೊಳಗೆ ಶತ್ರುದೇಶದ ಪ್ರಜೆಗಳಾದರು. ಕ್ರಮೇಣ ಅವರನ್ನು ಹಿಡಿದು ಅಹಮದ್‌ನಗರದಂತಹ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಸರಕಾರದ ಉಸ್ತುವಾರಿಗೆ ಹೋಗಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಮೇಲೆ, ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಅಕ್ಟೋಬರಿನಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆ ಬೆಂಗಳೂರಿನಿಂದ ಹೊರಟು, ಮುಂಬಯಿಯಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು.

ಬ್ರಿಟಿಷ್ ಸೈನ್ಯದ ಖಾಕಿ ಬಣ್ಣವನ್ನು ಮಂಗಳೂರಿನ ಬಲ್ಮಠದಲ್ಲಿ ಮಿಶನ್‌ನ ನೇಯ್ಗೆ ಉಸ್ತುವಾರಿ ಹಾಲರ್ ಕಂಡುಹಿಡಿದ ಎಂಬ ಮಾತು ನಮ್ಮ ಕಡೆ ಹೆಮ್ಮೆಯಿಂದ ಕೇಳಿಬರುತ್ತದೆ. ಬಲ್ಮಠದಲ್ಲಿ ಖಾಕಿ ಬಟ್ಟೆ ತಯಾರಾಗುತ್ತಿದ್ದುದು ನಿಜ. ಆದರೆ ಮಣ್ಣು ಎಂಬರ್ಥದ 'ಖಾಕ್' ಪಾರ್ಸಿ ಪದ, ಮತ್ತು ಹಾಲರ್ ಮಂಗಳೂರಿಗೆ ಬರುವ ಮೊದಲೇ, 1840ರ ದಶಕದಲ್ಲಿ, ವಾಯವ್ಯ ಗಡಿಯ ಗೈಡ್ಸ್ ಪಡೆ ಮಣ್ಣುಬಣ್ಣದ ಉಡುಪು ತೊಟ್ಟಿತ್ತು. ಹೆಮ್ಮೆಗೆ ಬೇರೆ ಕಾರಣಗಳು ಸಾಕಷ್ಟಿವೆ.

ಕೋವಿಯ ಒಳಗೆ

ಬೆಳ್ತಂಗಡಿ, ಬಂಟ್ವಾಳ ಕಡೆಯ ಅಡಿಕೆ ತೋಟದವರಿಗೆ ಕೋವಿ ಹೊಸ ವಸ್ತುವಲ್ಲ. ಹಂದಿ, ಮಂಗಗಳಿಂದ ಬೆಳೆ ಕಾಯಲು ಪರವಾನಿಗೆಯ ಕೋವಿ ಇಟ್ಟುಕೊಂಡವರು ಅನೇಕರಿದ್ದಾರೆ. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಮರಳಿ ತರುವ ತಾಪತ್ರಯ ಅವರಿಗೆ ಗೊತ್ತು. ಕೇಪಿನ ಕೋವಿಗೂ ತೋಟೆ ಕೋವಿಗೂ ಇರುವ ವ್ಯತ್ಯಾಸವೂ ಗೊತ್ತು. ಮೊದಲನೆಯದಕ್ಕೆ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಚಿಂದಿ ತುರುಕಿ, ಚರೆ ಹಾಕಿ, ಸಲಾಕೆಯಿಂದ ಜಡಿಯಬೇಕು. ಒಂದು ಈಡು ಹೊಡೆದರೆ ಇನ್ನೊಂದಕ್ಕೆ ಹಂದಿ ಕಾಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಜಗತ್ತಿನ ಬಹುತೇಕ ಸೈನ್ಯಗಳು ಹೋರಾಡಿದ್ದು ಇದೇ ಬಗೆಯ ಕೋವಿಗಳಿಂದ.

ಮೌಸರ್ ಸಹೋದರರು ಬಿಡಿಸಿದ ಗಂಟು ಇದು: ಸೈನಿಕ ನೆಲಕ್ಕೆ ಒರಗಿ ಮಲಗಿದ್ದಲ್ಲೇ, ಏಳದೆ, ಹಿಂದಿನಿಂದ ತೋಟೆ ತುಂಬಿ ಹೊಡೆಯುವುದು ಹೇಗೆ? ಮನೆಯ ಬಾಗಿಲಿನ ಅಗುಳಿಯನ್ನು ನೆನಪಿಸಿಕೊಳ್ಳಿ. ಮೇಲೆತ್ತಿ ಹಿಂದಕ್ಕೆ ಎಳೆದರೆ ಬಾಗಿಲು ತೆರೆಯುತ್ತದೆ, ಮುಂದಕ್ಕೆ ತಳ್ಳಿ ಕೆಳಕ್ಕೆ ಒತ್ತಿದರೆ ಭದ್ರವಾಗುತ್ತದೆ. ಮೌಸರ್ ಕೋವಿಯ ಬೋಲ್ಟ್ ಇದೇ ರೀತಿಯದು. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆ ಎಳೆದಾಗ ಒಂದು ಉಕ್ಕಿನ ಕೊಕ್ಕೆ ಖಾಲಿ ತೋಟೆಯನ್ನು ಹಿಡಿದು ಹೊರಕ್ಕೆ ಎಸೆಯುತ್ತದೆ. ಮುಂದಕ್ಕೆ ತಳ್ಳಿದಾಗ ಕೆಳಗಿನ ಪೆಟ್ಟಿಗೆಯಿಂದ ಮೇಲೆದ್ದ ಹೊಸ ತೋಟೆ ನಳಿಗೆಯೊಳಗೆ ಕೂರುತ್ತದೆ. ಕೆಳಕ್ಕೆ ಒತ್ತಿದಾಗ ಬೋಲ್ಟಿನ ಮುಂತುದಿಯ ಎರಡು ಹಲ್ಲುಗಳು ಉಕ್ಕಿನ ಗಾಡಿಯೊಳಗೆ ಸಿಕ್ಕಿಕೊಳ್ಳುತ್ತವೆ. ಮದ್ದು ಸಿಡಿದಾಗ ಹಿಮ್ಮುಖವಾಗಿ ಬರುವ ಒತ್ತಡವನ್ನೆಲ್ಲ ತಡೆಯುವುದು ಆ ಹಲ್ಲುಗಳು. 1898ರಲ್ಲಿ ಜರ್ಮನ್ ಸೈನ್ಯ ಸ್ವೀಕರಿಸಿದ 'ಗೆವೇರ್ 98' ಮಾದರಿಯಲ್ಲಿ ಮೌಸರ್ ಹಿಂಬದಿಯಲ್ಲಿ ಮೂರನೆಯ ಹಲ್ಲೊಂದನ್ನೂ ಇಟ್ಟ. ಮುಂದಿನ ಎರಡು ಮುರಿದರೂ ಸೈನಿಕನ ಮುಖ ಉಳಿಯಲಿ ಎಂದು. ಸ್ವತಃ ಮೌಸರ್ ಮುಂದೊಮ್ಮೆ ಕೋವಿ ಪರೀಕ್ಷಿಸುವಾಗ ಸಿಡಿದು ಒಂದು ಕಣ್ಣು ಕಳೆದುಕೊಂಡ.

ಐದು ತೋಟೆಗಳನ್ನು ಪೋಣಿಸಿದ ತಗಡಿನ ಪಟ್ಟಿಯನ್ನು ಮೇಲಿನಿಂದ ಇಟ್ಟು ಹೆಬ್ಬೆರಳಿನಿಂದ ಒತ್ತಿದರೆ ಐದೂ ಒಟ್ಟಿಗೆ ಒಳಗಿಳಿಯುತ್ತವೆ. ಕೋವಿಯ ಉದ್ದ 1.25 ಮೀಟರ್, ತೂಕ ನಾಲ್ಕು ಕಿಲೋಗಿಂತ ತುಸು ಹೆಚ್ಚು, ಗುಂಡಿನ ಅಡ್ಡಳತೆ 7.92 ಮಿಲಿಮೀಟರ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನರು ಗುಂಡಿನ ಬೋಳುತುದಿಯನ್ನು ಚೂಪು ಮಾಡಿದರು. ಗಾಳಿಯನ್ನು ಸೀಳಿಕೊಂಡು ಅದು ಸೆಕೆಂಡಿಗೆ ಎಂಟುನೂರಕ್ಕೂ ಹೆಚ್ಚು ಮೀಟರ್ ವೇಗದಲ್ಲಿ ಹೊರಡುತ್ತಿತ್ತು. ಇದರ ಒಂದು ವಿಚಿತ್ರ ದೋಷವನ್ನೂ ಹೇಳಬೇಕು. ಗುರಿಪಟ್ಟಿಯಲ್ಲಿ ಅತಿ ಕಡಿಮೆ ದೂರದ ಗುರುತೇ 400 ಮೀಟರ್. ದೂರದಿಂದ ಸಾಲಾಗಿ ಬರುವ ಸೈನ್ಯವನ್ನು ಮನಸ್ಸಿನಲ್ಲಿಟ್ಟು ಹಾಗೆ ಮಾಡಿದ್ದರು. ನೂರು ಮೀಟರಿನಲ್ಲಿ ಎದ್ದು ಬಂದವನಿಗೆ ಸರಿಯಾಗಿ ಗುರಿಯಿಟ್ಟರೆ ಗುಂಡು ತಲೆಯ ಮೇಲಿನಿಂದ ಹಾರಿಹೋಗುತ್ತಿತ್ತು. ಹತ್ತಿರ ಬಂದಷ್ಟೂ ಕೆಳಕ್ಕೆ ಹಿಡಿಯಬೇಕೆಂದು ಸೈನಿಕರಿಗೆ ಕಲಿಸಬೇಕಾಗುತ್ತಿತ್ತು. ಗಾಬರಿಯಲ್ಲಿ ಕಲಿತದ್ದು ಎಷ್ಟು ನೆನಪಿರುತ್ತದೆ ಎಂಬುದು ಬೇರೆ ಮಾತು.

ಕೋವಿಯ ಮೇಲಿನ ಅರಬಿ ಅಂಕಿಗಳು

ಓಬರ್ನ್‌ಡಾರ್ಫ್ ಕಾರ್ಖಾನೆಯನ್ನು ದೊಡ್ಡದು ಮಾಡಿದ ಗಿರಾಕಿಗಳಲ್ಲಿ ಮುಖ್ಯನಾದವನು ಉಸ್ಮಾನೀ ಸುಲ್ತಾನ ಎರಡನೆಯ ಅಬ್ದುಲ್ ಹಮೀದ್. ರಷ್ಯಾದೊಂದಿಗಿನ ಯುದ್ಧದಲ್ಲಿ ಪೆಟ್ಟು ತಿಂದ ಉಸ್ಮಾನೀ ಸರಕಾರ 1887ರಲ್ಲಿ ಐದು ಲಕ್ಷ ಕೋವಿ ಮತ್ತು ಐವತ್ತು ಸಾವಿರ ಗಿಡ್ಡ ಕೋವಿಗಳಿಗೆ ಒಪ್ಪಂದ ಮಾಡಿಕೊಂಡಿತು. ಒಪ್ಪಂದದಲ್ಲಿ ಒಂದು ಜಾಣ ಷರತ್ತಿತ್ತು: ನಡುವೆ ಮೌಸರ್ ಇದಕ್ಕಿಂತ ಉತ್ತಮ ಕೋವಿ ಕಂಡುಹಿಡಿದರೆ ಉಳಿದದ್ದನ್ನು ಆ ಹೊಸ ಮಾದರಿಯಲ್ಲೇ ಕೊಡಬೇಕು. ಹಾಗಾಗಿ ಮೊದಲ ಕಂತು 9.5 ಮಿಲಿಮೀಟರಿನ ಹಳೆಯ ಮದ್ದಿನ ಕೋವಿಯಾದರೆ, 1890ರಿಂದ ಹೊಗೆಯಿಲ್ಲದ ಮದ್ದಿನ 7.65 ಮಿಲಿಮೀಟರ್ ಕೋವಿಗಳು ಬಂದವು. ಬಳಿಕ 1893ರದು, ಆಮೇಲೆ 1903ರದು. ತಪಾಸಣೆಗೆಂದು ತುರ್ಕಿ ಅಧಿಕಾರಿಗಳು ಓಬರ್ನ್‌ಡಾರ್ಫಿನಲ್ಲೇ ಬಂದು ನೆಲೆಸಿದ್ದರು. ಮಠದ ಊರಿನ ಬೀದಿಗಳಲ್ಲಿ ಕೆಂಪು ತುರ್ಕಿ ಟೋಪಿಗಳು ಓಡಾಡಿದವು.

ಆ ಕೋವಿಗಳ ಉಕ್ಕಿನ ಮೇಲೆ ಸುಲ್ತಾನನ ತುಘ್ರಾ, ಅಂದರೆ ಸುಂದರ ಲಿಪಿಯ ರಾಜಮುದ್ರೆ ಕೊರೆದಿರುತ್ತಿತ್ತು. ತಯಾರಕರ ಹೆಸರು, ವರ್ಷ ಎಲ್ಲವೂ ಅರಬಿ ಲಿಪಿಯಲ್ಲಿ. ಗುರಿಪಟ್ಟಿಯ ಮೇಲಿನ ದೂರದ ಅಂಕಿಗಳೂ ಅರಬಿ ಅಂಕಿಗಳೇ. ಜರ್ಮನ್ ಕಮ್ಮಾರನ ಕೈ ಕೊರೆದ ಆ ಅಂಕಿಗಳನ್ನು ಅನಾತೋಲಿಯಾದ, ಸಿರಿಯಾದ ರೈತನ ಮಗ ಓದಿ ಗುರಿ ಹಿಡಿಯಬೇಕು. ಉರ್ದು ಕಲಿತ ಮೈಸೂರಿನ ಸವಾರನೂ ಅವನ್ನು ಓದಬಲ್ಲವನಾಗಿದ್ದ.

ಇದು ಬರಿಯ ಅಲಂಕಾರದ ಮಾತಲ್ಲ. ಮೈಸೂರು ಲ್ಯಾನ್ಸರ್ಸ್‌ನಲ್ಲಿ ಅರಸು ಮನೆತನದ ಅಧಿಕಾರಿಗಳಿದ್ದರು. ಪಡೆಯನ್ನು ಬೆಂಗಳೂರಿನಿಂದ ಕರೆದೊಯ್ದವರು ಕರ್ನಲ್ ಚಾಮರಾಜ ಅರಸು. ಸವಾರರಲ್ಲಿ ಮರಾಠರಿದ್ದರು, ದಖ್ಖನಿ ಮುಸ್ಲಿಮರೂ ಇದ್ದರು. ಹೈದರ್, ಟಿಪ್ಪು ಕಾಲದಿಂದ ಕುದುರೆ ಸವಾರಿಯನ್ನೇ ಬದುಕಾಗಿಸಿಕೊಂಡ ಮನೆತನಗಳು ಈ ನಾಡಿನಲ್ಲಿದ್ದವಲ್ಲವೇ? ಅವರು ಸೂಯೆಜ್ ಕಾಲುವೆಯತ್ತ ಸಾಗುತ್ತಿರುವಾಗಲೇ, 1914ರ ನವೆಂಬರಿನಲ್ಲಿ, ಇಸ್ತಾಂಬುಲಿನಲ್ಲಿ ಖಲೀಫನ ಹೆಸರಿನಲ್ಲಿ ಜಿಹಾದಿನ ಫತ್ವಾ ಓದಲಾಯಿತು. ಬ್ರಿಟಿಷ್, ಫ್ರೆಂಚ್, ರಷ್ಯನ್ ಆಳ್ವಿಕೆಯ ಮುಸ್ಲಿಮರು ತಮ್ಮ ಒಡೆಯರ ವಿರುದ್ಧ ಏಳಬೇಕೆಂಬುದು ಅದರ ಸಾರ. ಇದರ ಹಿಂದೆ ಬರ್ಲಿನ್ನಿನ ಲೆಕ್ಕಾಚಾರವಿತ್ತು. ಮಾಕ್ಸ್ ಫಾನ್ ಓಪನ್‌ಹೈಮ್ ಎಂಬ ಜರ್ಮನ್ ರಾಜತಂತ್ರಜ್ಞ ಇದಕ್ಕಾಗಿಯೇ ಪ್ರಚಾರ ಕಚೇರಿ ನಡೆಸುತ್ತಿದ್ದ. ಕ್ರೈಸ್ತ ಕೈಸರನ ಸಾಮ್ರಾಜ್ಯಕ್ಕೆ ಜಿಹಾದ್ ಬೇಕಾಗಿತ್ತು! ಇನ್ನೊಂದು ಕಡೆ ಬ್ರಿಟಿಷರು ಮಕ್ಕಾ, ಮದೀನಾಗಳ ಮೇಲೆ ಕೈಮಾಡುವುದಿಲ್ಲವೆಂದು ಪ್ರಕಟಣೆ ಹೊರಡಿಸಿದರು. ಹೈದರಾಬಾದಿನ ನಿಜಾಮರು ತಮ್ಮ ಪ್ರಜೆಗಳಿಗೆ ಬ್ರಿಟಿಷರ ಪರ ನಿಲ್ಲುವಂತೆ ಫರ್ಮಾನು ಕೊಟ್ಟರು. ಎರಡೂ ಕಡೆಯವರು ಧರ್ಮವನ್ನು ಮದ್ದಿನಂತೆಯೇ ಬಳಸಿದರು. ಮೈಸೂರಿನ ಮುಸ್ಲಿಂ ಸವಾರರು ಏನು ಯೋಚಿಸಿದರೋ, ಅವರ ಪಡೆ ನಾಲ್ಕು ವರ್ಷ ರಣರಂಗದಲ್ಲಿ ಕದಲದೆ ನಿಂತಿತು.

ಅವರ ಕೈಯಲ್ಲಿದ್ದ ಕೋವಿಯಾದರೂ ಅವರದೇ? ಶ್ರೀರಂಗಪಟ್ಟಣದಲ್ಲಿ ಕೋವಿ, ಫಿರಂಗಿ, ಕ್ಷಿಪಣಿಗಳನ್ನು ಎರಕಹೊಯ್ದು ತಯಾರಿಸುತ್ತಿದ್ದ ಮೈಸೂರಿನ ಆ ಸಾಮರ್ಥ್ಯ 1799ಕ್ಕೆ ಕೊನೆಗೊಂಡಿತ್ತು. 1878ರ ಶಸ್ತ್ರಾಸ್ತ್ರ ಕಾಯಿದೆಯ ಬಳಿಕ ಪರವಾನಿಗೆಯಿಲ್ಲದೆ ಭಾರತೀಯನೊಬ್ಬ ಕೋವಿ ಹಿಡಿಯುವಂತಿರಲಿಲ್ಲ. ಲ್ಯಾನ್ಸರ್ಸ್ ಹೊತ್ತಿದ್ದು ಬ್ರಿಟಿಷರು ಕೊಟ್ಟ .303 ಲೀ-ಎನ್‌ಫೀಲ್ಡ್. ಎದುರಿನ ತುರ್ಕಿ ಸೈನಿಕ ಹೊತ್ತಿದ್ದು ಜರ್ಮನರಿಂದ ಕೊಂಡ ಮೌಸರ್. ಕಾರ್ಖಾನೆಗಳೆರಡೂ ಯುರೋಪಿನವು.

ಭಾರತೀಯರ ಕೈಗೆ ಮೌಸರ್ ಬೇರೊಂದು ದಾರಿಯಿಂದಲೂ ಬಂತು. ಅದೇ 1914ರ ಆಗಸ್ಟಿನಲ್ಲಿ ಕೋಲ್ಕತ್ತಾದ ರೋಡಾ ಕಂಪೆನಿಗೆ ಬಂದಿಳಿದ ಸರಕಿನಿಂದ 50 ಮೌಸರ್ ಪಿಸ್ತೂಲು ಮತ್ತು 46 ಸಾವಿರ ತೋಟೆಗಳನ್ನು ಬಂಗಾಳದ ಕ್ರಾಂತಿಕಾರಿಗಳು ಎತ್ತಿನ ಗಾಡಿಯಲ್ಲಿ ಸಾಗಿಸಿಬಿಟ್ಟರು. 1925ರ ಕಾಕೋರಿ ಪ್ರಕರಣದಲ್ಲಿ ರಾಮಪ್ರಸಾದ್ ಬಿಸ್ಮಿಲ್, ಅಶ್ಫಾಕುಲ್ಲಾ ಖಾನ್ ಮತ್ತು ಸಂಗಡಿಗರ ಬಳಿ ಇದ್ದದ್ದೂ ಮೌಸರ್ ಪಿಸ್ತೂಲೇ. ಅದು ಪದಾತಿಗಳ ಕೋವಿಯಲ್ಲ, ಬೇರೆ ಆಯುಧ. ಆದರೆ ಉತ್ತರ ಭಾರತದಲ್ಲಿ ಈಗಲೂ ಮೌಸರ್ ಎಂದರೆ ಮೊದಲು ನೆನಪಿಗೆ ಬರುವುದು ಆ ಪಿಸ್ತೂಲು.

ನೀರು ಕುಡಿಯುವ ಕೋವಿ

ಮೌಸರ್ ಎಷ್ಟೇ ಚುರುಕಾದರೂ ಒಬ್ಬ ಸೈನಿಕ ನಿಮಿಷಕ್ಕೆ ಗುರಿಯಿಟ್ಟು ಹೊಡೆಯಬಹುದಾದದ್ದು ಹತ್ತು ಹದಿನೈದು ಗುಂಡು. ಆ ಯುದ್ಧದ ಸ್ವರೂಪವನ್ನೇ ಬದಲಿಸಿದ್ದು ಮಶಿನ್‌ಗನ್. ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಹೈರಮ್ ಮ್ಯಾಕ್ಸಿಮ್ 1884ರಲ್ಲಿ ಅದನ್ನು ರೂಪಿಸಿದ. ಕೋವಿ ಹೊಡೆದಾಗ ಭುಜಕ್ಕೆ ಬೀಳುವ ಹಿಂಬಡಿತವನ್ನು ವ್ಯರ್ಥ ಮಾಡುವುದೇಕೆ, ಅದರಿಂದಲೇ ಖಾಲಿ ತೋಟೆ ಎಸೆದು ಹೊಸದನ್ನು ತುಂಬಿಸಿದರೆ ಹೇಗೆ ಎಂಬುದು ಅವನ ಯೋಚನೆ. ಅದೇ ಯಂತ್ರ ಬ್ರಿಟನಿನಲ್ಲಿ ವಿಕರ್ಸ್ ಆಯಿತು, ಜರ್ಮನಿಯಲ್ಲಿ 1908ರ ಮಾದರಿಯಾಯಿತು. ಒಂದೇ ತಾಯಿಯ ಮಕ್ಕಳು ಎರಡೂ ಪಾಳೆಯದಲ್ಲಿ. ಮೊದಲ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ ಖುದಾದಾದ್ ಖಾನ್ 1914ರ ಅಕ್ಟೋಬರ್ 31ರಂದು ಬೆಲ್ಜಿಯಂನಲ್ಲಿ ತನ್ನ ಸಂಗಡಿಗರೆಲ್ಲ ಸತ್ತ ಮೇಲೂ ಬಿಡದೆ ನಡೆಸಿದ್ದು ಮಶಿನ್‌ಗನ್ನನ್ನೇ.

ಜರ್ಮನ್ ಮಾದರಿಯ ನಳಿಗೆಯ ಸುತ್ತ ದಪ್ಪನೆಯ ತಗಡಿನ ಕೊಳವೆ, ಅದರೊಳಗೆ ಸುಮಾರು ನಾಲ್ಕು ಲೀಟರ್ ನೀರು. ಬಿಡದೆ ಹಾರಿಸಿದರೆ ನಳಿಗೆ ಕಾದು ಕೆಂಪಾಗುವುದನ್ನು ತಡೆಯಲು ಈ ನೀರು. ಕೆಲವು ನಿಮಿಷಗಳಲ್ಲೇ ಅದು ಕುದಿದು ಆವಿಯಾಗತೊಡಗುತ್ತದೆ. ಬಟ್ಟೆಯ ಪಟ್ಟಿಯಲ್ಲಿ 250 ತೋಟೆ. ನಿಮಿಷಕ್ಕೆ ಐನೂರರ ಸುಮಾರಿಗೆ ಹಾರುವ ವೇಗ, ಅಂದರೆ ಇಡೀ ಪಟ್ಟಿ ಅರ್ಧ ನಿಮಿಷದಲ್ಲಿ ಖಾಲಿ. ಕಾಲುಮಣೆಯೂ ಸೇರಿದರೆ ತೂಕ ಅರವತ್ತು ಕಿಲೋ ದಾಟುತ್ತದೆ. ಒಂದು ಕಡೆ ಇಟ್ಟರೆ ತಟ್ಟನೆ ತಿರುಗಿಸಿ ಇನ್ನೊಂದು ಕಡೆಗೆ ಹೊತ್ತೊಯ್ಯುವ ವಸ್ತುವಲ್ಲ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಹೈಫಾದಲ್ಲಿ ನಡೆದದ್ದು ಅರ್ಥವಾಗುತ್ತದೆ.

ಸೆಪ್ಟೆಂಬರ್ 23

ಸೂಯೆಜ್ ಕಾಲುವೆಯ ಕಾವಲು, ಸಿನಾಯ್ ಮರಳು, ಗಾಝಾದ ಯುದ್ಧಗಳು ಎಲ್ಲವನ್ನೂ ದಾಟಿ 1918ರ ಸೆಪ್ಟೆಂಬರಿಗೆ ಬರೋಣ. ಸೆಪ್ಟೆಂಬರ್ 19ರಂದು ಜನರಲ್ ಆಲನ್‌ಬಿಯ ಸೈನ್ಯ ಪ್ಯಾಲೆಸ್ತೀನಿನಲ್ಲಿ ತುರ್ಕಿ ಸಾಲನ್ನು ಒಡೆಯಿತು. ತುರ್ಕಿ ಸೈನ್ಯದ ಮೇಲಧಿಕಾರಿ ಜರ್ಮನ್ ಜನರಲ್ ಲಿಮಾನ್ ಫಾನ್ ಸ್ಯಾಂಡರ್ಸ್ ಮರುದಿನ ಬೆಳಿಗ್ಗೆ ನಜರೇತಿನ ತನ್ನ ಕಚೇರಿಯಿಂದ ಓಡಿ ತಪ್ಪಿಸಿಕೊಂಡ. ಸರಕು ಇಳಿಸಲು ಹೈಫಾ ಬಂದರು ತುರ್ತಾಗಿ ಬೇಕಿತ್ತು. 22ರಂದು ಕವಚದ ಮೋಟಾರುಗಳಲ್ಲಿ ಹೋದವರನ್ನು ಫಿರಂಗಿ ಮತ್ತು ಮಶಿನ್‌ಗನ್ ತಡೆದು ಹಿಂದಕ್ಕಟ್ಟಿದವು. ಮರುದಿನ ಆ ಕೆಲಸ ಭಾರತೀಯ ಸಂಸ್ಥಾನಗಳ ಕುದುರೆ ಬ್ರಿಗೇಡಿಗೆ ಬಂತು. ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳು ಸೇರಿದ್ದ 15ನೇ ಇಂಪೀರಿಯಲ್ ಸರ್ವಿಸ್ ಬ್ರಿಗೇಡ್ ಅದು. ಆ ದಿನದ ಕಾಳಗ ಜೋಧಪುರ ಮತ್ತು ಮೈಸೂರಿನವರ ಪಾಲಿಗೆ ಬಂತು.

ಹೈಫಾದ ದಾರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಎಡಕ್ಕೆ ಕಾರ್ಮೆಲ್ ಬೆಟ್ಟ, ಬಲಕ್ಕೆ ಕಿಶೋನ್ ಹೊಳೆ ಮತ್ತು ಅದರ ಕೆಸರು, ನಡುವೆ ಕಿರಿದಾದ ಬಯಲು. ಬೆಟ್ಟದ ಮೇಲೆ ಫಿರಂಗಿಗಳು, ಇಳಿಜಾರಿನಲ್ಲಿ ಮಶಿನ್‌ಗನ್‌ಗಳು. ನೇರವಾಗಿ ನುಗ್ಗಿದರೆ ಕೊಟ್ಟಿಗೆಯ ಬಾಗಿಲಲ್ಲಿ ಸಿಕ್ಕ ದನಗಳಂತೆ ಸಾಯಬೇಕು. ಬೆಳಿಗ್ಗೆ ಹತ್ತರ ಸುಮಾರಿಗೆ ಬಲದ್ ಅಲ್-ಶೇಖ್ ಎಂಬ ಹಳ್ಳಿಯ ಬಳಿ ಬ್ರಿಗೇಡಿನ ಮೇಲೆ ಗುಂಡು ಬೀಳತೊಡಗಿತು. ಆಗ ಮೈಸೂರಿನ ಒಂದು ಸ್ಕ್ವಾಡ್ರನ್‌ಗೆ ಬೆಟ್ಟ ಹತ್ತಿ ಫಿರಂಗಿಗಳ ಪಕ್ಕಕ್ಕೆ ಬರುವಂತೆ ಆದೇಶವಾಯಿತು. ಕಡಿದಾದ ಕಲ್ಲು ದಾರಿ. ನಾಲ್ಕು ದಿನಗಳಿಂದ ಬಿಡುವಿಲ್ಲದೆ ನಡೆದ ಕುದುರೆಗಳು. ಉಳಿದ ಮೈಸೂರು ಸ್ಕ್ವಾಡ್ರನ್‌ಗಳು ಇಳಿದು ನೆಲಹಿಡಿದು, ಜೋಧಪುರದವರು ಮುನ್ನುಗ್ಗುವಾಗ ಶತ್ರುವಿನ ತಲೆ ಎತ್ತಗೊಡದಂತೆ ಗುಂಡು ಹಾರಿಸುವ ಕೆಲಸಕ್ಕೆ ನಿಂತವು. ಬ್ರಿಗೇಡಿಗೆ ತನ್ನದೇ ಮಶಿನ್‌ಗನ್‌ಗಳಿದ್ದವು. ಬ್ರಿಟಿಷ್ ಫಿರಂಗಿ ಬ್ಯಾಟರಿಯೊಂದರ ಬೆಂಬಲವೂ ಇತ್ತು.

ಮಧ್ಯಾಹ್ನ ಎರಡರ ಹೊತ್ತಿಗೆ ಜೋಧಪುರ ಲ್ಯಾನ್ಸರ್ಸ್ ಕುದುರೆ ಓಡಿಸಿದರು. ಹೊಳೆಯ ದಡದಲ್ಲಿ ಹೂಳು ಕುದುರೆಗಳ ಕಾಲು ಎಳೆಯಿತು. ಅವರು ಎಡಕ್ಕೆ ತಿರುಗಿ ಬೆಟ್ಟದ ಬುಡದ ಇಳಿಜಾರಿನಲ್ಲಿದ್ದ ಮಶಿನ್‌ಗನ್‌ಗಳ ಮೇಲೆಯೇ ಬಿದ್ದು, ದಾರಿ ತೆರೆದುಕೊಂಡು ಪಟ್ಟಣದತ್ತ ನುಗ್ಗಿದರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲಿ ಗುಂಡೇಟಿಗೆ ಬಲಿಯಾದರು. ಬೆಟ್ಟದ ಮೇಲೆ, ನೆರವಿಗೆ ಬಂದ ಬ್ರಿಟಿಷ್ ಸ್ಕ್ವಾಡ್ರನ್ ಒಂದರೊಂದಿಗೆ ಸೇರಿ ಮೈಸೂರಿನವರು ದೊಡ್ಡ ನೌಕಾ ಫಿರಂಗಿಗಳ ಮೇಲೆ ಎರಗಿ ವಶಪಡಿಸಿಕೊಂಡರು. ಕೆಳಗೆ ಗುಂಡಿನ ಬೆಂಬಲ ಕೊಡುತ್ತಿದ್ದ ಮೈಸೂರಿನ ಸವಾರರು ಕುದುರೆ ಹತ್ತಿ ಜೋಧಪುರದವರ ಹಿಂದೆಯೇ ಪಟ್ಟಣ ಹೊಕ್ಕರು. ಸಂಜೆಯೊಳಗೆ ಹೈಫಾ ಕೈಸೇರಿತು. ಸೆರೆಸಿಕ್ಕವರು 1,350, ಅವರಲ್ಲಿ ಇಬ್ಬರು ಜರ್ಮನ್ ಅಧಿಕಾರಿಗಳು, 35 ತುರ್ಕಿ ಅಧಿಕಾರಿಗಳು. 17 ಫಿರಂಗಿ, 11 ಮಶಿನ್‌ಗನ್ ದೊರೆತವು. ಎರಡೂ ಪಡೆಗಳಲ್ಲಿ ಸತ್ತವರು 8, ಗಾಯಗೊಂಡವರು 34. ಕುದುರೆಗಳು ಸತ್ತದ್ದು 60, ಗಾಯಗೊಂಡದ್ದು 83. ಸವಾರರಿಗಿಂತ ಕುದುರೆಗಳ ಲೆಕ್ಕ ಎಷ್ಟು ದೊಡ್ಡದು ನೋಡಿ.

ನಮ್ಮಲ್ಲಿ ಹೈಫಾದ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲೇ ಉದ್ವೇಗಗೊಳ್ಳುತ್ತಾರೆ. ಬಿದಿರ ಭರ್ಜಿ ಹಿಡಿದವರು ಜರ್ಮನ್ ಮಶಿನ್‌ಗನ್ನನ್ನು ಗೆದ್ದರು, ಎದೆಗಾರಿಕೆ ಯಂತ್ರವನ್ನು ಸೋಲಿಸಿತು ಎನ್ನುತ್ತಾರೆ. ಎದೆಗಾರಿಕೆ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಎದೆಗಾರಿಕೆಯೊಂದೇ ಸಾಕಾಗಿದ್ದರೆ ಫ್ರಾನ್ಸಿನ ಬಯಲಿನಲ್ಲಿ ಅದೇ ಮಶಿನ್‌ಗನ್ ಎದುರು ಲಕ್ಷಾಂತರ ಜನ ಸಾಯುತ್ತಿರಲಿಲ್ಲ. ಅವರೇನು ಹೇಡಿಗಳೇ?

ಲೆಕ್ಕ ಹಾಕಿ ನೋಡೋಣ. ಓಡುವ ಕುದುರೆ ನಿಮಿಷಕ್ಕೆ ಸುಮಾರು 500 ಮೀಟರ್ ದಾಟುತ್ತದೆ. ಒಂದು ಕಿಲೋಮೀಟರ್ ಬಯಲಿಗೆ ಎರಡು ನಿಮಿಷ. ಅಷ್ಟರಲ್ಲಿ ಒಂದು ಮಶಿನ್‌ಗನ್ ಕಾಗದದ ಮೇಲೆ ಸಾವಿರ ಗುಂಡು ಹಾರಿಸಬಲ್ಲದು. ವಾಸ್ತವದಲ್ಲಿ ಪ್ರತಿ ಅರ್ಧ ನಿಮಿಷಕ್ಕೆ ಪಟ್ಟಿ ಬದಲಿಸಬೇಕು, ಗುರಿ ಪ್ರತಿ ಕ್ಷಣ ಹತ್ತಿರವಾಗುವುದರಿಂದ ದೂರದ ಅಳತೆ ಬದಲಿಸುತ್ತ ಹೋಗಬೇಕು. ನಡುವೆ ಮೈಸೂರಿನವರ ಗುಂಡುಗಳು ತಲೆಯ ಪಕ್ಕದಲ್ಲಿ ಸಿಳ್ಳು ಹಾಕುತ್ತಿವೆ. ಬೆಟ್ಟದ ಮೇಲಿನ ತಮ್ಮ ಫಿರಂಗಿಗಳ ಬಳಿ ಏನೋ ಗದ್ದಲ ಕೇಳುತ್ತಿದೆ. ಅರವತ್ತು ಕಿಲೋದ ಯಂತ್ರವನ್ನು ಬೇಕೆಂದ ಕಡೆ ತಿರುಗಿಸಲಾಗದು. ಇನ್ನೊಂದು ಸಂಗತಿಯೂ ಇದೆ. ವೇಗವಾಗಿ ಬರುವ ಚೂಪು ಗುಂಡು ಕುದುರೆಯ ಮೈಹೊಕ್ಕರೂ ಅದು ಆ ಕ್ಷಣವೇ ಬೀಳುವುದಿಲ್ಲ. ಗುಂಡು ತಿಂದ ಕುದುರೆಗಳು ಓಟ ಮುಗಿಸಿ, ಸವಾರನನ್ನು ಶತ್ರುವಿನ ನಡುವೆ ಇಳಿಸಿ, ಆಮೇಲೆ ಸತ್ತವು. ಎಂಟಕ್ಕೆ ಅರವತ್ತು ಎಂಬ ಆ ಲೆಕ್ಕದ ಅರ್ಥ ಇದು. ಕನ್ನಡದಲ್ಲಿ ಕೋವಿಯ ಕೀಲಿಗೂ ಕುದುರೆ ಎಂದೇ ಹೆಸರು. ಆ ಮಧ್ಯಾಹ್ನ ಒಂದು ಕುದುರೆಯನ್ನು ಎಳೆದವರು ಇನ್ನೊಂದು ಕುದುರೆಯ ಓಟಕ್ಕೆ ಸೋತರು.

ಹಾಗಾಗಿ ಮೈಸೂರಿನವರ ದೊಡ್ಡ ಕೊಡುಗೆ ಭರ್ಜಿ ಹಿಡಿದು ಓಡಿದ್ದಕ್ಕಿಂತ ಹೆಚ್ಚಾಗಿ, ಕುದುರೆಯ ಲಗಾಮು ಹಿಡಿದು ಬೆಟ್ಟ ಹತ್ತಿದ್ದರಲ್ಲಿ ಮತ್ತು ನೆಲದಲ್ಲಿ ಮಲಗಿ ಗುಂಡು ಹಾರಿಸಿದ್ದರಲ್ಲಿ ಇದೆ ಎಂದು ನನಗನಿಸುತ್ತದೆ. ಚಿತ್ರಕ್ಕೆ ಅದು ಅಷ್ಟು ಚೆಂದ ಕಾಣುವುದಿಲ್ಲ. ಆದರೆ ಶತ್ರುವಿನ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ತಿಳಿದವರು ಮಾಡುವ ಕೆಲಸ ಅದು. ನಾಲ್ಕು ವರ್ಷ ಮರಳಿನಲ್ಲಿ ಮೌಸರಿನ ಸದ್ದು ಕೇಳಿದವರಿಗೆ ಆ ತಿಳಿವಳಿಕೆ ಇತ್ತು. ಭರ್ಜಿಯ ಸವಾರರೆಂದು ಅವರನ್ನು ಹೊಗಳುವವರು, ಅವರು ನುರಿತ ಆಧುನಿಕ ಸೈನಿಕರಾಗಿದ್ದರೆಂಬುದನ್ನೇ ಮರೆಸುತ್ತಿದ್ದಾರೆ.

ಹರಿತಾನ್‌ನಲ್ಲಿ

ತಿಳಿವಳಿಕೆ ಕೈಕೊಟ್ಟಾಗ ಏನಾಗುತ್ತದೆಂಬುದಕ್ಕೆ ಬಹಳ ದಿನ ಕಾಯಬೇಕಾಗಲಿಲ್ಲ. ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ನಗರದ ಉತ್ತರಕ್ಕೆ, ಹರಿತಾನ್ ಎಂಬ ಹಳ್ಳಿಯ ಬಳಿ, ಇದೇ ಬ್ರಿಗೇಡ್ ಹಿಂಜರಿಯುತ್ತಿದ್ದ ತುರ್ಕಿ ಪಡೆಯನ್ನು ಎದುರಾಯಿತು. ಅಲ್ಲಿ ಆಜ್ಞೆ ಕೊಡುತ್ತಿದ್ದವರು, ಮುಂದೆ ಅತಾತುರ್ಕ್ ಎಂದು ಹೆಸರಾದ ಮುಸ್ತಫಾ ಕಮಾಲ್. ಎದುರಿಗಿರುವವರು ಸೋತು ಓಡುತ್ತಿರುವ ಸಣ್ಣ ಗುಂಪು ಎಂಬ ಅಂದಾಜಿನ ಮೇಲೆ ಮೈಸೂರು ಲ್ಯಾನ್ಸರ್ಸ್ ಭರ್ಜಿ ಇಳಿಸಿ ಓಡಿತು, ಜೋಧಪುರದವರು ಬೆಂಬಲಕ್ಕಿದ್ದರು. ಶತ್ರುಗಳ ಸಂಖ್ಯೆ ಅಂದಾಜಿಗಿಂತ ಬಹಳ ದೊಡ್ಡದಿತ್ತು. ಸವಾರರು ಸಾಲಿನೊಳಗೆ ಹೊಕ್ಕರು, ಆದರೆ ನೆಲೆ ನಿಲ್ಲಲಾಗದೆ ಮಶಿನ್‌ಗನ್ ಮತ್ತು ಮೌಸರ್ ಗುಂಡುಗಳ ನಡುವೆ ಹಿಂತಿರುಗಬೇಕಾಯಿತು. ಸತ್ತವರು, ಗಾಯಗೊಂಡವರು ಸೇರಿ ನಷ್ಟ ಎಂಬತ್ತರ ಸುಮಾರಿಗೆ ಮುಟ್ಟಿತು. ಹೈಫಾದಲ್ಲಿದ್ದ ಬೆಟ್ಟದ ಮರೆ, ಫಿರಂಗಿಯ ಬೆಂಬಲ ಇಲ್ಲಿರಲಿಲ್ಲ. ಸವಾರರು ಅವರೇ, ಭರ್ಜಿಗಳು ಅವೇ, ಧೈರ್ಯವೂ ಅದೇ. ಹೈಫಾ ದಿನವನ್ನು ಆಚರಿಸುವ ನಾವು ಹರಿತಾನ್ ಎಂಬ ಹೆಸರನ್ನು ಎಲ್ಲೂ ಎತ್ತುವುದಿಲ್ಲ. ಐದು ದಿನಗಳ ನಂತರ ಕದನವಿರಾಮವಾಯಿತು. ಐದು ದಿನ ಮೊದಲೇ ಆಗಿದ್ದರೆ ಆ ಮನೆಗಳಿಗೆ ಮಕ್ಕಳು ಮರಳುತ್ತಿದ್ದರು.

ಸತ್ತವರ ನೆನಪಿಗೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ದೆಹಲಿಯಲ್ಲಿ ಮೂರು ಸಂಸ್ಥಾನಗಳ ಸವಾರರನ್ನು ಪ್ರತಿನಿಧಿಸುವ ಮೂರು ಪ್ರತಿಮೆಗಳನ್ನು 1920ರ ದಶಕದಲ್ಲಿ ನಿಲ್ಲಿಸಿದರು. ತೀನ್ ಮೂರ್ತಿ ಎಂದು ಹೆಸರಾದ ಆ ಚೌಕಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಲಾಯಿತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಕುದುರೆ ಪಡೆಗಳ ಉಳಿಕೆ ಸೇರಿ 61ನೇ ಕ್ಯಾವಲ್ರಿ ರೂಪುಗೊಂಡಿತು. ಬೆಳಿಗ್ಗೆ ಮೈಸೂರಿನವರು ಗುಂಡು ಎದುರಿಸಿದ ಬಲದ್ ಅಲ್-ಶೇಖ್ ಹಳ್ಳಿ ಈಗಿಲ್ಲ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿ 1935ರಲ್ಲಿ ಸತ್ತ ಇಝ್ಝುದ್ದೀನ್ ಅಲ್-ಖಸ್ಸಾಮ್ ಅವರ ಗೋರಿ ಅಲ್ಲೇ ಇದೆ. 1948ರಲ್ಲಿ ಊರಿನ ಅರಬರು ಹೊರಗಾಗಿ, ಆ ಜಾಗ ಈಗ ಇಸ್ರೇಲಿನ ನೆಶೆರ್ ಪಟ್ಟಣದ ಭಾಗವಾಗಿದೆ. ತುರ್ಕರಿಂದ ಆ ನೆಲವನ್ನು ಬಿಡಿಸಲು ತಮ್ಮನ್ನು ಕಳುಹಿಸಿದವರು ಒಂದು ವರ್ಷ ಮೊದಲೇ, 1917ರ ನವೆಂಬರಿನಲ್ಲಿ, ಬಾಲ್ಫೋರ್ ಘೋಷಣೆಯ ಮೂಲಕ ಅದರ ಬಗ್ಗೆ ಬೇರೆಯವರಿಗೆ ಮಾತು ಕೊಟ್ಟಿದ್ದರೆಂಬುದು ಚಾರ್ಮಾಡಿಯ ಮೇಲಿನ ನಾಡಿನಿಂದ ಹೋದ ಸವಾರನಿಗೆ ಗೊತ್ತಿರುವ ಸಾಧ್ಯತೆ ಕಡಿಮೆ.

ಇನ್ನು ಮೌಸರ್. ಯುದ್ಧ ಸೋತ ಜರ್ಮನಿಗೆ ದೊಡ್ಡ ಪ್ರಮಾಣದಲ್ಲಿ ಕೋವಿ ತಯಾರಿಸದಂತೆ ವರ್ಸೈ ಒಪ್ಪಂದ ಕಟ್ಟುಹಾಕಿತು. ಹಿಟ್ಲರನ ಕಾಲದಲ್ಲಿ ಆ ಕಟ್ಟು ಹರಿದು, 1935ರಲ್ಲಿ ಅದೇ ಬೋಲ್ಟಿನ ಗಿಡ್ಡ ರೂಪ 'ಕಾರಾಬಿನರ್ 98ಕೆ' ಎರಡನೆಯ ಮಹಾಯುದ್ಧಕ್ಕೆ ಸಿದ್ಧವಾಯಿತು. ತುರ್ಕಿಯಲ್ಲಿ ಮುಸ್ತಫಾ ಕಮಾಲ್ 1928ರಲ್ಲಿ ಅರಬಿ ಲಿಪಿಯನ್ನು ಕೈಬಿಟ್ಟು ಲ್ಯಾಟಿನ್ ಲಿಪಿ ತಂದರು. 1930ರ ದಶಕದಲ್ಲಿ ಸುಲ್ತಾನರ ಕಾಲದ ಹಳೆಯ ಮೌಸರ್‌ಗಳನ್ನೆಲ್ಲ ಒಟ್ಟುಗೂಡಿಸಿ ಅಂಕಾರಾದ ಕಾರ್ಖಾನೆಯಲ್ಲಿ ನಳಿಗೆ ಬದಲಿಸಿ, ಜರ್ಮನರ 7.92 ಮಿಲಿಮೀಟರ್ ತೋಟೆಗೆ ಹೊಂದಿಸಿದರು. ಉಕ್ಕಿನ ಮೇಲೆ ಗಣರಾಜ್ಯದ ಹೆಸರನ್ನೂ ಹೊಸ ವರ್ಷವನ್ನೂ ಹೊಸ ಲಿಪಿಯಲ್ಲಿ ಒತ್ತಿದರು. ಹಲವು ಕೋವಿಗಳಲ್ಲಿ ಹಳೆಯ ಅಕ್ಷರಗಳನ್ನು ಪೂರ್ತಿ ಉಜ್ಜಿ ತೆಗೆಯಲಿಲ್ಲ. ಸಂಗ್ರಾಹಕರ ಬಳಿ ಉಳಿದಿರುವ ಅಂತಹ ಕೋವಿಗಳಲ್ಲಿ ಒಂದು ಪಕ್ಕ ಓಬರ್ನ್‌ಡಾರ್ಫಿನ ಹೆಸರು ಅರಬಿ ಲಿಪಿಯಲ್ಲಿ, ಇನ್ನೊಂದು ಪಕ್ಕ ಅಂಕಾರಾ ಎಂಬುದು ಲ್ಯಾಟಿನ್ನಿನಲ್ಲಿ ಈಗಲೂ ಕಾಣುತ್ತದೆ.